ಫಲ ಬಿಡುವ ಕೆಲಸ

ಗ್ಯಾಸ್ ಸಿಲಿಂಡರನ್ನು ಹೋದ ಸಲ ಯಾವತ್ತು ಬದಲಿಸಿದ್ದು ಎಂದು ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದಳು. ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ. ದಿನಚರಿ ತೆಗೆದು ಹಾಳೆ ತಿರುವುತ್ತಾ ಹೋದೆ. ಸಿಲಿಂಡರಿಗಿಂತ ಮೊದಲು ಒಂದು ಕಪ್ಪು ಕಲೆ ಸಿಕ್ಕಿತು. ಏನನ್ನೋ ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಕಾಗದ ಸವೆದು, ಮಸಿ ಹಿಂದಿನ ಪುಟಕ್ಕೂ ಇಳಿಯುವಷ್ಟು ಗೀಚಿದ್ದೇನೆ. ಏಳು ವರ್ಷದ ದಿನಚರಿಗಳಲ್ಲಿ ಇಂಥ ಕಲೆ ಇದೊಂದೇ. ಬರೆದದ್ದು ತಪ್ಪಾದರೆ ನಾನು ಅಳತೆಪಟ್ಟಿ ಇಟ್ಟು ತೆಳ್ಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುವವಳು.

ಆ ಶಿಸ್ತು ಕಾರ್ಖಾನೆಯದು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ನನ್ನದು ತಪಾಸಣೆ ವಿಭಾಗ. ಬಿಡಿಭಾಗ ಬರುತ್ತದೆ, ಅಳೆಯುತ್ತೇನೆ, 'ಸರಿ' ಅಥವಾ 'ಸರಿಯಿಲ್ಲ' ಎಂದು ಬರೆಯುತ್ತೇನೆ. ಮೂರನೆಯ ಉತ್ತರ ಇಲ್ಲ. ದಿನಕ್ಕೆ ಎಂಟು ಗಂಟೆ ಹೀಗೆ ಬರೆದವಳು ಮನೆಗೆ ಬಂದ ಮೇಲೂ ಬರೆಯದೆ ಇರಲಾರಳು. ಹಾಗಾಗಿ ದಿನಚರಿಗೆ ನಾಲ್ಕು ಕಂಬ ಎಳೆದುಕೊಂಡಿದ್ದೇನೆ: ದಿನ, ಕೆಲಸ, ಹೊತ್ತು, ಫಲ. ಕೊನೆಯದಕ್ಕೆ ಮೊದಲು 'ಫಲಿತಾಂಶ' ಎಂದೇ ಬರೆಯಲು ಹೋಗಿದ್ದೆ. ಜಾಗ ಕಿರಿದಾಯಿತು. 'ಅಂಶ'ವನ್ನು ಹೊರಗಿಟ್ಟು 'ಫಲ'ವನ್ನು ಒಳಗಿಟ್ಟುಕೊಂಡೆ. ಅಷ್ಟು ಸಣ್ಣ ಕಾರಣಕ್ಕೆ ಬಂದು ಕೂತ ಮಾತು ಅದು.

ಎಣಿಸುವ ಚಟ ಮಾತ್ರ ಕಾರ್ಖಾನೆಗಿಂತ ಹಳೆಯದು. ಅಜ್ಜಿ ಒಮ್ಮೆ ಲಕ್ಷ ಬತ್ತಿಯ ಹರಕೆ ಹೊತ್ತಿದ್ದಳು. ಹತ್ತಿಯನ್ನು ಎಳೆದು, ಹಾಲಿನಲ್ಲಿ ಬೆರಳು ಅದ್ದಿ, ತೊಡೆಯ ಮೇಲೆ ಹೊಸೆದು ಲಕ್ಷ ಬತ್ತಿ ಮಾಡಿ ಕಾರ್ತಿಕ ಮಾಸದಲ್ಲಿ ಶಿವನ ಗುಡಿಯಲ್ಲಿ ಉರಿಸುವುದು. ನೂರು ಬತ್ತಿಯಾದಾಗಲೆಲ್ಲ ಡಬ್ಬಿಗೆ ಒಂದು ಹುಣಸೆಬೀಜ ಹಾಕುವ ಕೆಲಸ ನನ್ನದು. ನನಗಾಗ ಎಂಟು ವರ್ಷ. ಹರಕೆ ಮುಗಿದ ದಿನ ಒಬ್ಬಟ್ಟು ಎಂದು ತಿಳಿದಿದ್ದರಿಂದ, ಅಜ್ಜಿ ಎದ್ದು ಹೋದಾಗ ಎರಡು ಬೀಜ ಹೆಚ್ಚು ಹಾಕಿದೆ. ನನ್ನ ಬದುಕಿನ ಮೊದಲ ಸುಳ್ಳು ದಾಖಲೆ ಅದು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅಳುತ್ತಾ ಒಪ್ಪಿಕೊಂಡೆ. ಅಜ್ಜಿ ಹೊಸೆಯುವುದನ್ನು ನಿಲ್ಲಿಸದೆ ಡಬ್ಬಿಯಿಂದ ಎರಡು ಬೀಜ ತೆಗೆದು ಅಂಗಳಕ್ಕೆ ಎಸೆದಳು, ಅಷ್ಟೆ. ಬತ್ತಿಗಳೆಲ್ಲ ಗುಡಿಯಲ್ಲಿ ಉರಿದಾಗ ನನಗೆ ಹೊಟ್ಟೆ ಉರಿಯಿತು. "ಎಣಿಸಿದ್ದೆಲ್ಲ ಸುಟ್ಟೋಯ್ತಲ್ಲಜ್ಜಿ!" ಎಂದೆ.

"ಸುಡಾಕೇ ಕಣೆ ಎಣಿಸಿದ್ದು," ಎಂದಳು ಅಜ್ಜಿ. ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ನಿಂತಿದ್ದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹೊರಟೇಬಿಟ್ಟಳು.

ಇಷ್ಟು ಕೇಳಿದ ಮೇಲೆ ನನಗೆ ನಿಷ್ಕಾಮ ಕರ್ಮ ರಕ್ತದಲ್ಲೇ ಬಂದಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಆಧಾರವೂ ಇತ್ತು. ಬಿಡುವಿನ ದಿನಗಳಲ್ಲಿ ನಾನು ಕಣ್ಣು ಕಾಣದವರಿಗೆ ಪರೀಕ್ಷೆ ಬರೆದುಕೊಡುತ್ತೇನೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬರೆಯಲು ಬರುವವರಿಗೆ ಆ ವಿಷಯ ಗೊತ್ತಿರಬಾರದು ಎನ್ನುವುದು ನಿಯಮ. ನನಗೆ ಗೊತ್ತಿಲ್ಲದ ವಿಷಯಗಳು ಬಹಳ ಇರುವುದರಿಂದ ನನಗೆ ಒಳ್ಳೆಯ ಬೇಡಿಕೆ. ಪಾಳಿಯಲ್ಲಿ ಜೊತೆಗಿರುವವರೊಬ್ಬರು ಒಮ್ಮೆ, "ನಿಮ್ದು ನಿಷ್ಕಾಮ ಸೇವೆ ಕಣ್ರೀ," ಅಂದರು. ಆ ಮಾತನ್ನು ನಾನು ಅದೇ ದಿನ ಫಲದ ಕಂಬದಲ್ಲಿ ಬರೆದಿಟ್ಟೆ. ಅದರಲ್ಲಿ ಏನೋ ಎಡವಟ್ಟಿದೆ ಎಂದು ಆಗ ಹೊಳೆಯಲಿಲ್ಲ.

ಈ ಕೆಲಸದಲ್ಲಿ ಕಷ್ಟ ಕೈಗೆ. ಅದಕ್ಕೆ ತನ್ನದೇ ಬುದ್ಧಿಯಿದೆ. ಒಬ್ಬರು ಭೂಗೋಳದ ಪರೀಕ್ಷೆಯಲ್ಲಿ, ಕಾವೇರಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ ಎಂದು ಆತ್ಮವಿಶ್ವಾಸದಿಂದ ಹೇಳಿದರು. ಕನ್ನಂಬಾಡಿಯ ನೀರು ಕುಡಿದು ಬೆಳೆದ ಕೈ ಒಂದು ಕ್ಷಣ ನಿಂತಿತು. ಕೆಮ್ಮಬಹುದಿತ್ತು, "ಇನ್ನೊಂದ್ಸಲ ಹೇಳಿ" ಎನ್ನಬಹುದಿತ್ತು. ಅದೂ ಸುಳಿವು ಕೊಟ್ಟಂತೆಯೇ. ಹಾಗಾಗಿ ಕಾವೇರಿಯನ್ನು ನನ್ನ ಕೈಯಾರೆ ಘಟ್ಟ ಹತ್ತಿಸಿ ಅರಬ್ಬೀ ಸಮುದ್ರಕ್ಕೆ ಇಳಿಸಿದೆ. ಅಂದಿನಿಂದ ತಪ್ಪೆಂದು ತಿಳಿದದ್ದನ್ನು ತಿದ್ದುವ ಆಸೆ ಹೋಯಿತು.

ಹೋಗದೆ ಉಳಿದದ್ದು ಬೇರೆ ಎರಡು. ಒಂದು, ಅಭ್ಯರ್ಥಿಗಳ ರಿಜಿಸ್ಟರ್ ನಂಬರನ್ನು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅಂತರ್ಜಾಲದಲ್ಲಿ ಫಲಿತಾಂಶ ಬಂದ ದಿನ ಯಾರಿಗೂ ಹೇಳದೆ ನೋಡುತ್ತಿದ್ದೆ. ಆವರೆಗೆ ಹದಿನಾಲ್ಕು ಪರೀಕ್ಷೆ, ಒಂಬತ್ತು ಜನ. ಎಂಟು ಮಂದಿ ಪಾಸು. ಕಾವೇರಿಯವರೂ ಪಾಸು. ನೋಡಿ ಎಂದು ಯಾರೂ ನನಗೆ ಹೇಳಿರಲಿಲ್ಲ. ಎರಡನೆಯದು ಭಾಷೆ. ಅವರ ಉತ್ತರ ಮುಟ್ಟುತ್ತಿರಲಿಲ್ಲ, ಕನ್ನಡ ಮಾತ್ರ ಸ್ವಲ್ಪ ಒರೆಸಿ ಇಡುತ್ತಿದ್ದೆ. 'ಎಂಗೆ' ಅಂದರೆ 'ಹೇಗೆ', 'ಬುಡು' ಅಂದರೆ 'ಬಿಡು'. ಅದನ್ನು ತಪ್ಪೆಂದು ಯಾರೂ ಎಣಿಸುವುದಿಲ್ಲ ಎಂದುಕೊಂಡಿದ್ದೆ.

ಹದಿನೈದನೆಯ ಪರೀಕ್ಷೆ ಚಿಕ್ಕತಾಯಮ್ಮನವರದು. ಕಡಕೊಳದವರು, ನಲವತ್ತೈದರ ಆಸುಪಾಸು. ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಜ್ವರ ಬಂದು ಕಣ್ಣು ಹೋಯಿತು, ಓದೂ ನಿಂತಿತು. ಇಪ್ಪತ್ತು ವರ್ಷ ಕಳೆದ ಮೇಲೆ ಅಂಚೆ ಶಿಕ್ಷಣದಲ್ಲಿ ಮತ್ತೆ ಮೊದಲಿನಿಂದ ಸೇರಿ ಎಲ್ಲ ಮುಗಿಸಿದ್ದರು. ತತ್ತ್ವಶಾಸ್ತ್ರದ ಒಂದು ಪತ್ರಿಕೆ ಉಳಿದಿತ್ತು. ಅದರಲ್ಲಿ ಎರಡು ಸಲ ಹೋಗಿತ್ತು. ಪದವಿ ಮುಗಿಸಲು ಕೊಟ್ಟಿದ್ದ ವರ್ಷಗಳು ಆ ಪರೀಕ್ಷೆಯೊಂದಿಗೆ ತೀರುತ್ತಿದ್ದವು. ಈ ಸಲವೂ ಹೋದರೆ ಪಾಸಾದವುಗಳೂ ಸೇರಿ ಎಲ್ಲ ಹೋದಂತೆ.

"ಇನ್ನೊಂದ್ ಕಿತ ಮೊದಲ್ನಿಂದ ಓದಾಕೆ ನನ್ ಕೈಲಾಗಾಕಿಲ್ಲ ಕಣವ್ವ," ಎಂದರು ಪರೀಕ್ಷೆಯ ಕೊಠಡಿಗೆ ಹೋಗುವಾಗ, ನನ್ನ ಮೊಣಕೈ ಹಿಡಿದುಕೊಂಡು. "ಅಕ್ಸರ ದುಂಡಗೆ ಬರೀತೀಯಾ?"

"ಬರೀತೀನಕ್ಕ. ಎಲ್ಲರೂ ಚೆನ್ನಾಗಿದೆ ಅಂತಾರೆ."

"ನಾನಂತೂ ನೋಡಾಕಿಲ್ಲ ಬುಡು, ಧೈರ್ಯವಾಗಿ ಏಳ್ಕೋ."

ಪ್ರಶ್ನೆಪತ್ರಿಕೆ ಓದಿ ಹೇಳಿದೆ. ಹತ್ತು ಅಂಕದ ಪ್ರಶ್ನೆಯೊಂದು: ನಿಷ್ಕಾಮ ಕರ್ಮ ಎಂದರೇನು, ವಿವರಿಸಿ. ಅವರ ಮುಖ ಬಿಚ್ಚಿಕೊಂಡಿತು. ಮೇಜಿನ ಮೇಲೆ ಎರಡೂ ಅಂಗೈ ಇಟ್ಟು, ಯಾರೋ ಎದುರು ಕೂತವರಿಗೆ ಹೇಳುವಂತೆ ಶುರುಮಾಡಿದರು. "ಬರ್ಕೋ. ಮನ್ಸ ತನ್ ಪಾಲಿನ್ ಕೆಲ್ಸ ಮಾಡ್ಬೇಕು. ಮಾಡ್ದೆ ಸುಮ್ಕೆ ಕುಂತ್ಕಳದು ಯೋಗ ಅಲ್ಲ. ಆದ್ರೆ ಮಾಡಿದ್ಮೇಲೆ ಫಲ ಬುಡ್ಬೇಕು. ಫಲ ಬುಡ್ದೆ ಇರೋ ಕೆಲ್ಸ ಕಟ್ಟಾಕ್ತದೆ."

ನಾನು ಬರೆದದ್ದು: "ಮನುಷ್ಯನು ತನ್ನ ಪಾಲಿನ ಕೆಲಸವನ್ನು ಮಾಡಬೇಕು. ಮಾಡದೆ ಸುಮ್ಮನೆ ಕುಳಿತುಕೊಳ್ಳುವುದು ಯೋಗವಲ್ಲ. ಆದರೆ ಮಾಡಿದ ಮೇಲೆ ಅದು ಫಲ ಬಿಡಬೇಕು. ಫಲ ಬಿಡದ ಕೆಲಸವು ಬಂಧನವಾಗುತ್ತದೆ."

ವಾಕ್ಯಕ್ಕೆ ಕರ್ತೃಪದ ಇಲ್ಲ ಎಂದು ನನಗೆ ಅನ್ನಿಸಿತ್ತು. ಅದಕ್ಕೇ 'ಅದು' ಹಾಕಿದೆ. ಹಾಕಿದ್ದೇ ತಡ, ವಾಕ್ಯ ನೆಟ್ಟಗೆ ನಿಂತಿತು. ಅರ್ಥ ಏನಾಯಿತೆಂದು ನೋಡಲಿಲ್ಲ. ಹಿನಕಲ್‌ನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಸೀಬೆ ಮರವಿದೆ. ಅಮ್ಮ ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಅದರ ಬುಡಕ್ಕೆ ಸುರಿದು, "ನಾಲ್ಕು ವರ್ಷ ಆಯ್ತು, ಒಂದು ಫಲ ಬಿಡ್ಲಿಲ್ಲ ನೋಡು ಇದು," ಎಂದು ಬೈಯುತ್ತಾಳೆ. 'ಫಲ ಬಿಡುವುದು' ಎಂದರೆ ನನ್ನ ಕಿವಿಗೆ ಅದೊಂದೇ ಗೊತ್ತಿದ್ದದ್ದು. ಕೆಲಸ ಎಂದ ಮೇಲೆ ಅದು ಫಲ ಬಿಡಬೇಕು. ಕಾರ್ಖಾನೆಯೂ ಹಾಗೆಯೇ ಹೇಳುತ್ತದೆ. ತತ್ತ್ವಶಾಸ್ತ್ರವೂ ನಾನು ಹೆದರಿದಷ್ಟು ಕಷ್ಟವಿಲ್ಲ ಎಂದುಕೊಂಡು ಮುಂದಿನ ಸಾಲಿಗೆ ಹೋದೆ.

ಪರೀಕ್ಷೆ ಮುಗಿಸಿ ನಂಜನಗೂಡಿನ ಬಸ್ಸಿಗೆ ಕಾಯುತ್ತಾ ನಿಂತೆವು. ತಳ್ಳುಗಾಡಿಯಿಂದ ಉಪ್ಪುಖಾರ ಸವರಿದ ಸೀಬೆಹಣ್ಣು ತಂದುಕೊಟ್ಟೆ. ಚಿಕ್ಕತಾಯಮ್ಮ ಕಚ್ಚಿ, ಅಗಿದು, ಒಬ್ಬರೇ ನಗತೊಡಗಿದರು.

"ಏನಕ್ಕ?"

"ಅಲ್ಲಾ, ಮರ ಫಲ ಬುಡ್ತದೆ. ನಾವೂ ಫಲ ಬುಡ್ಬೇಕು ಅಂತ ಬರ್ದ್‌ಬಂದೋ. ಎರಡ್ಕೂ ಒಂದೇ ಮಾತು ನೋಡು. ಅದು ಬುಟ್ರೆ ಕೊಂಬೆ ತುಂಬ್ತದೆ, ನಾವ್ ಬುಟ್ರೆ ಕೈ ಖಾಲಿ. ಎಂಗದೆ ನಮ್ ಕನ್ನಡ!"

ನನ್ನ ಕೈಯಲ್ಲಿದ್ದ ಸೀಬೆ ಹಾಗೇ ಉಳಿಯಿತು. ಕೈ ಬಿಡುವುದು. ಫಲದ ಆಸೆಯ ಕೈ ಬಿಡುವುದು. ಇಪ್ಪತ್ತೈದು ವರ್ಷ ಕನ್ನಡ ಆಡಿದ ನನಗೆ ಆ ಬಸ್ ನಿಲ್ದಾಣದಲ್ಲಿ ನನ್ನದೇ ಭಾಷೆಯ ಒಂದು ಕ್ರಿಯಾಪದ ಅರ್ಥವಾಯಿತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದರೆ ಸಾಕಿತ್ತು. ಎರಡಕ್ಷರದ 'ಅದು' ಸೇರಿಸಿ, ನಿಷ್ಕಾಮ ಕರ್ಮ ಎಂದರೆ ಫಲ ಬರಲೇಬೇಕಾದ ಕೆಲಸ ಎಂದು ಅವರ ಹೆಸರಿನಲ್ಲಿ ಬರೆದುಕೊಟ್ಟು ಬಂದಿದ್ದೆ. "ಅಕ್ಕ..." ಎಂದೆ. ಬಸ್ಸು ಬಂತು. ನಿರ್ವಾಹಕರು ಅವರ ಕೈ ಹಿಡಿದು ಹತ್ತಿಸಿಕೊಂಡರು.

ಮುಂದಿನ ಹನ್ನೊಂದು ದಿನಗಳ ದಿನಚರಿಯಲ್ಲಿ, ಕೆಲಸದ ಕಂಬದಲ್ಲಿ, 'ಹೇಳಲಿಲ್ಲ' ಎಂದಿದೆ. ಹನ್ನೊಂದು ಸಲ. ನಡುನಡುವೆ ಲೆಕ್ಕಗಳೂ ಇವೆ: ಹತ್ತಂಕದ ಉತ್ತರದಲ್ಲಿ ಎರಡು ಸಾಲು ತಲೆಕೆಳಗಾದರೆ ಎಷ್ಟು ಹೋಗಬಹುದು, ನೋಡುವವರು ಓದದೆ ತಿರುವಿದರೆ ಎಷ್ಟು ಉಳಿಯಬಹುದು. ಹೇಳಿದರೂ ಬರೆದದ್ದು ಬದಲಾಗುವುದಿಲ್ಲ, ಹೇಳಿ ಏನು ಫಲ ಎಂದೂ ಒಂದು ದಿನ ಬರೆದಿದ್ದೇನೆ. ಹನ್ನೆರಡನೆಯ ದಿನ, ಶುಕ್ರವಾರ, ಬೆಳಗಿನ ಪಾಳಿ ಮುಗಿಸಿ ಅವರು ಕೆಲಸ ಮಾಡುವ ಆಸ್ಪತ್ರೆಗೆ ಹೋದೆ.

ಅಲ್ಲಿ ಅವರದು ದೂರವಾಣಿಯ ಮೇಜು. ಹೊರಗಿನ ಕರೆ ತೆಗೆದುಕೊಂಡು ವಾರ್ಡುಗಳಿಗೆ ಜೋಡಿಸುವ ಕೆಲಸ. ನಾನು ಮೂರು ಹೆಜ್ಜೆ ದೂರದಲ್ಲಿರುವಾಗಲೇ, "ಬಾರವ್ವ. ಇದೇನ್ ಇಷ್ಟ್ ದೂರ? ಮನೇಲಿ ಯಾರ್ಗಾದ್ರೂ ಉಸಾರಿಲ್ವಾ?" ಎಂದರು. ನನ್ನ ಚಪ್ಪಲಿಯ ಸದ್ದು ಅವರಿಗೆ ಗುರುತಿತ್ತು.

"ಎಲ್ಲ ಆರಾಮಕ್ಕ. ನಿಮ್ಮತ್ರ ಒಂದು ವಿಷಯ ಹೇಳ್ಬೇಕಿತ್ತು."

ಫೋನು ಬಡಿಯಿತು. ಅವರು ಎತ್ತಿಕೊಂಡು, "ನಮಸ್ಕಾರ, ಹೇಳಿ. ಹೆರಿಗೆ ವಾರ್ಡಾ? ಹಾಗೆಯೇ ಲೈನಿನಲ್ಲಿರಿ, ಜೋಡಿಸುತ್ತೇನೆ," ಎಂದರು. ನಾನು ಬೆಪ್ಪಾದೆ. ಅಚ್ಚು ಹಾಕಿದಂಥ ಕನ್ನಡ. ಒಂದು ಹಕಾರವೂ ಜಾರಲಿಲ್ಲ. ನಾನು ಕಷ್ಟಪಟ್ಟು ಅವರ ಉತ್ತರಗಳಿಗೆ ಸೇರಿಸಿದ್ದ ಹಕಾರಗಳೆಲ್ಲ ಅವರ ಬಳಿ ಮೊದಲೇ ಇದ್ದವು.

"ಅಕ್ಕ, ನಿಮಗೆ ಹೀಗೂ ಮಾತಾಡಕ್ಕೆ ಬರುತ್ತಾ?"

"ಸಂಬಳದ ಕನ್ನಡ ಅದು. ಯೋಚ್ನೆ ಬರಾದು ಮನೆ ಮಾತಲ್ಲೇ ಕಣವ್ವ. ಏನ್ ವಿಸ್ಯ ಏಳು."

ಹೇಳಿದೆ. ನಡುವೆ ನಾಲ್ಕು ಕರೆ ಬಂದವು. ತಪ್ಪೊಪ್ಪಿಗೆಯನ್ನು ಕಂತಿನಲ್ಲಿ ಮಾಡುವುದು ಬಹಳ ಕಷ್ಟ. ಪ್ರತಿ ಸಲವೂ ಮೊದಲ ವಾಕ್ಯದಿಂದ ಶುರುಮಾಡಬೇಕು. ಕೊನೆಗೆ ಪೂರ್ತಿ ಕೇಳಿದ ಮೇಲೆ ಅವರ ಕೈ ಫೋನಿನ ಮೇಲೆಯೇ ನಿಂತಿತು.

"'ಅದು' ಹಾಕು ಅಂತ ನಾನ್ ಅಂದ್ನಾ?"

"ಇಲ್ಲಕ್ಕ."

"ಮತ್ಯಾಕ್ ಹಾಕ್ದೆ? ನಿನ್ ಮನೆ ಗಂಟಾ? ನನ್ ಬಾಯ್ಗೆ ನೀನು ಹಲ್ ಕಟ್ಟುಸ್ತೀಯಾ?" ಧ್ವನಿ ಏರಿತು. ಬೆಂಚಿನ ಮೇಲೆ ಕೂತಿದ್ದವರು ತಿರುಗಿ ನೋಡಿದರು. "ಇಪ್ಪತ್ತೈದ್ ವರ್ಸ ಕಣೆ. ಅವತ್ತೇ ಅನ್ಕಂಡೆ, ನಾನ್ ಏಳಿದ್ಕಿಂತ ಪೆನ್ನು ಒಂದ್ ಚೂರು ಜಾಸ್ತಿ ಓಡ್ತದಲ್ಲಾ ಅಂತ."

ಫಲ ಬಿಡಬೇಕು ಎಂದು ಅಷ್ಟು ಚೆನ್ನಾಗಿ ಹೇಳಿದವರು ಫಲಕ್ಕಾಗಿ ಇಷ್ಟು ಸಿಟ್ಟಾಗಬಹುದೇ ಎಂಬ ಕ್ಷುಲ್ಲಕ ಯೋಚನೆಯೊಂದು ಬಂದುಹೋಯಿತು. ಅದನ್ನು ನಾನು ಎಲ್ಲೂ ಬರೆದಿಡಲಿಲ್ಲ. ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಮತ್ತೆ ಫೋನು ಬಂತು. ಆ ಕಡೆಯಿಂದ ಯಾರೋ ಅಳುತ್ತಿದ್ದರು, ನನಗೂ ಕೇಳಿಸಿತು. ಚಿಕ್ಕತಾಯಮ್ಮ ಧ್ವನಿ ಇಳಿಸಿ, "ಹೆದರಬೇಡಿ ತಾಯಿ, ತುರ್ತು ಘಟಕಕ್ಕೆ ಕೊಡುತ್ತೇನೆ, ಅವರು ಮಾತಾಡುತ್ತಾರೆ," ಎಂದು ಜೋಡಿಸಿ ಕೆಳಗಿಟ್ಟರು.

"ಏನಾಗಿತ್ತಂತಕ್ಕ ಅವರಿಗೆ?"

"ಯಾರ್ಗೊತ್ತು? ಅಲ್ಗಂಟ ಮುಟ್ಸದು ನನ್ ಕೆಲ್ಸ. ದಿನಾ ಇಷ್ಟ್ ಜನ ಅಳ್ತಾರೆ, ಒಬ್ರುದೂ ಕೊನೇಗೆ ಏನಾಯ್ತು ಅಂತ ನಂಗೆ ತಿಳಿಯಾಕಿಲ್ಲ." ಆಮೇಲೆ ಸಿಟ್ಟು ಅರ್ಧ ಇಳಿದ ಧ್ವನಿಯಲ್ಲಿ ಕೇಳಿದರು, "ನನ್ ರಿಜಿಸ್ಟರ್ ನಂಬರ್ ಬರ್ಕಂಡಿದೀಯಾ?"

ಪರೀಕ್ಷೆಯ ದಿನ ಪೆನ್ನು ಕೆಳಗಿಟ್ಟ ಮೇಲೆ ನಾನು ಬೇರೆ ಕಾಗದದಲ್ಲಿ ಏನೋ ಬರೆದ ಸದ್ದನ್ನೂ ಅವರು ಕೇಳಿದ್ದರು. ಹೂಂ ಎಂದೆ. ದಿನಚರಿ ಚೀಲದಲ್ಲೇ ಇತ್ತು.

"ತಗಿ. ಹೊಡ್ದಾಕು. ನೀನ್ ಬರ್ದಿದ್ ಬರ್ದಾಯ್ತು, ಏಳಿದ್ದೂ ಆಯ್ತು. ಪಾಸೋ ಫೇಲೋ, ಅದು ನಂದು. ನಾನ್ ನೋಡ್ಕತೀನಿ. ನಿಂಗ್ಯಾಕೆ?"

ಅಳತೆಪಟ್ಟಿ ಹುಡುಕಿದೆ, ಇರಲಿಲ್ಲ. ಕೈಯಲ್ಲೇ ಒಂದು ಗೆರೆ ಎಳೆದೆ.

"ಇಷ್ಟೇನಾ? ನಂಗೆ ಕೇಳ್ಸೋ ಅಂಗೆ ಗೀಚು."

ಗೀಚಿದೆ. ಅವರು ತಲೆ ಓರೆ ಮಾಡಿ ಕೇಳುತ್ತಾ ಕೂತಿದ್ದರು. ಸಾಕು ಎಂದು ಅವರು ಹೇಳುವಷ್ಟರಲ್ಲಿ ಕಾಗದ ಸವೆದಿತ್ತು. ಮೊನ್ನೆ ನನಗೆ ಸಿಕ್ಕ ಕಲೆ ಅದೇ.

ಗೀಚಿದರೇನು, ಹನ್ನೆರಡು ದಿನ ದಿನಕ್ಕೆ ಮೂರು ಸಲ ನೋಡಿದ್ದ ನಂಬರು ತಲೆಯಲ್ಲಿ ಅಚ್ಚೊತ್ತಿತ್ತು. ಫಲಿತಾಂಶ ಬಂದಿದೆ ಎಂದು ತಿಳಿದ ದಿನ ಬಸ್ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲಿ ಆ ಪುಟ ತೆರೆದೆ. ಕೊನೆಯ ಒಂದು ಅಂಕಿ ಬಿಟ್ಟು ಉಳಿದದ್ದೆಲ್ಲ ಒತ್ತಿದೆ. ಅಲ್ಲಿಗೆ ನಿಲ್ಲಿಸಿದೆ. ದೊಡ್ಡ ವೈರಾಗ್ಯವೇನೂ ಬರಲಿಲ್ಲ. ಹೆಬ್ಬಾಳದ ಬಸ್ಸು ಬಂತು, ಹತ್ತಬೇಕಿತ್ತು. ಒಳಗೆ ಕೂತ ಮೇಲೆ ಮತ್ತೆ ತೆರೆಯಬಹುದಿತ್ತು. ಮೊಬೈಲನ್ನು ಚೀಲದ ತಳದಲ್ಲಿ, ಊಟದ ಡಬ್ಬಿಯ ಕೆಳಗೆ ಇಟ್ಟೆ. ಡಬ್ಬಿ ಬಿಸಿಯಾಗಿತ್ತು, ಮತ್ತೆ ಹೊರಗೆ ತೆಗೆದೆ. ಆ ನಂಬರು ಮಾತ್ರ ಒತ್ತಲಿಲ್ಲ. ಆ ಒಂಬತ್ತು ಜನರ ಫಲವನ್ನು ಕದ್ದು ನೋಡಿದಾಗ ಇದ್ದ ಸಲೀಸು ಈ ಸಲ ಕೈಗೆ ಬರಲಿಲ್ಲ. ದಿನಚರಿಯಲ್ಲಿ ಅವರ ಪರೀಕ್ಷೆಯ ಸಾಲಿನ ಮುಂದೆ ಫಲದ ಮನೆ ಖಾಲಿಯೇ ಇತ್ತು.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅವರೇ ಫೋನು ಮಾಡಿದರು.

"ಏನವ್ವ, ಪೆನ್ನಲ್ಲಿ ಮಸಿ ಅದಾ?"

"ಯಾಕಕ್ಕ?"

"ಎಂ.ಎ.ಗೆ ಸೇರ್ಕಂಡೆ. ಬರ್ಕೊಡಾಕೆ ಬತ್ತೀಯಾ?"

ನನಗೆ ಅರ್ಥವಾಗಲು ಒಂದೆರಡು ಕ್ಷಣ ಬೇಕಾಯಿತು. "ಹಂಗಾದ್ರೆ ಪಾಸಾದ್ರಾ ಅಕ್ಕ?"

"ಇಲ್ಲ, ಫೇಲಾದೋರ್ನ ಹುಡುಕ್ಕಂಡ್ ಎಂ.ಎ.ಗೆ ಸೇರುಸ್ಕತಾವ್ರೆ! ನೋಡು, ಈ ಕಿತ ನಾನ್ ಬುಡು ಅಂದ್ರೆ ಬುಡು ಅಂತ್ಲೇ ಬರೀಬೇಕು. ಬತ್ತೀಯೋ ಇಲ್ವೋ?"

"ಬರ್ತೀನಿ. ಅಕ್ಕ, ಆ ಪತ್ರಿಕೇಲಿ ಎಷ್ಟು ಬಂತು? ಆ ಹತ್ತಂಕದ ಪ್ರಶ್ನೆ..."

"ಬುಡು ಕಣೆ," ಎಂದು ನಕ್ಕು ಫೋನಿಟ್ಟರು.

ಉತ್ತರ ನೋಡಿದವರು ಆ 'ಅದು'ವನ್ನು ಓದಿದರೋ, ಓದದೆ ತಿರುವಿದರೋ, ಓದಿ ಕ್ಷಮಿಸಿದರೋ ನನಗೆ ಇವತ್ತಿಗೂ ತಿಳಿಯದು. ಮತ್ತೆ ಕೇಳಿಲ್ಲ. ಆ ಬೆಳಿಗ್ಗೆ ದಿನಚರಿ ತೆಗೆದು ಹಳೆಯ ಸಾಲಿಗೆ ಹೋದೆ. ಫಲದ ಕಿರುಮನೆಯಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಒಂದೇ ಮಾತು ಬರೆದೆ: 'ಬಿಟ್ಟಿದೆ.'

ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಹಿತ್ತಿಲಿಗೆ ಹೊರಟಿದ್ದ ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅಕ್ಷರ ಅಕ್ಷರವಾಗಿ ಓದಿದಳು. "ಫಲ... ಬಿಟ್ಟಿದೆ. ಯಾವಾಗ್ ನೋಡ್ದೆ? ನಂಗ್ ಹೇಳ್ಬಾರ್ದಾ!" ಎಂದವಳೇ ಪಾತ್ರೆಯ ನೀರು ತುಳುಕುವ ಹಾಗೆ ಸರಸರನೆ ಹಿಂಬಾಗಿಲಿಗೆ ಹೋದಳು. ಸೀಬೆ ಮರದ ಕೆಳಗೆ ನಿಂತು, ಕೊಂಬೆ ಕೊಂಬೆಯನ್ನೂ ಕತ್ತೆತ್ತಿ ನೋಡತೊಡಗಿದಳು.

ನಾನು ತಿದ್ದಲಿಲ್ಲ.